ಕಡತಕ್ಕೂ ಕಾವಲು ಬೇಕು

ಮಾಹಿತಿ ಹಕ್ಕು ಎಂದೊಡನೆ ನಮಗೆ ನೆನಪಾಗುವುದು ಅರ್ಜಿ. ಆದರೆ 2005ರ ಆ ಕಾಯ್ದೆಯ 4ನೇ ಸೆಕ್ಷನ್, ಯಾರೂ ಕೇಳದೆಯೇ ಮಾಹಿತಿ ಪ್ರಕಟಿಸುವ ಹೊಣೆಯನ್ನು ಸರಕಾರಿ ಕಚೇರಿಗಳ ಮೇಲೆ ಹೊರಿಸಿದೆ. ಪ್ರಕಟವಾದುದನ್ನು ಓದುವವರೇ ಇಲ್ಲದಿದ್ದರೆ ಆ ಪಾರದರ್ಶಕತೆಗೆ ಅರ್ಥವೇನು?

ವಕ್ಫ್ ಆಸ್ತಿಯನ್ನೇ ನೋಡೋಣ. ಅಧಿಸೂಚನೆ ಗಜೆಟ್‌ನಲ್ಲಿದೆ, ಪಹಣಿ ‘ಭೂಮಿ’ ಜಾಲತಾಣದಲ್ಲಿದೆ, 2025ರ ಜೂನ್‌ನಲ್ಲಿ ಆರಂಭವಾದ ‘ಉಮೀದ್’ ಪೋರ್ಟಲ್‌ನದು ಮತ್ತೊಂದು ದಾಖಲೆ. ಸರ್ವೆ ನಂಬ್ರ, ವಿಸ್ತೀರ್ಣ, ಹೆಸರು ಇವು ಪರಸ್ಪರ ತಾಳೆಯಾಗದಿದ್ದರೆ ನಮಗದು ತಿಳಿಯುವುದು ನೋಟೀಸು ಬಂದ ದಿನ. 2024ರಲ್ಲಿ ವಿಜಯಪುರ ಜಿಲ್ಲೆಯ ಹೊನವಾಡದ ರೈತರು ಆತಂಕಗೊಂಡಾಗ, ಗಜೆಟ್‌ನಲ್ಲಿ ಊರಿನ ಹೆಸರು ತಪ್ಪಾಗಿ ಸೇರಿತ್ತೆಂದು ಸಚಿವರೇ ಹೇಳಬೇಕಾಯಿತು. ಆ ತಪ್ಪನ್ನು ನಾವೇ ಮೊದಲು ಗುರುತಿಸಿದ್ದರೆ ಅಪನಂಬಿಕೆಯ ಬೆಂಕಿಗೆ ತುಪ್ಪ ಸುರಿಯಲು ಯಾರಿಗೂ ಅವಕಾಶವಿರುತ್ತಿರಲಿಲ್ಲ.

ಆದ್ದರಿಂದ ಪ್ರತಿ ಜಮಾಅತ್ ಇಬ್ಬರು ವಿದ್ಯಾವಂತ ಯುವಕ ಯುವತಿಯರಿಗೆ ಈ ಕೆಲಸ ವಹಿಸಲಿ. ಅವರು ತಿಂಗಳಿಗೊಮ್ಮೆ ಜಾಲತಾಣಗಳನ್ನು ಪರಿಶೀಲಿಸಿ, ಚದುರಿದ ವಿವರಗಳನ್ನು ಒಂದೇ ಕಡತದಲ್ಲಿ ಸೇರಿಸಲಿ. ನಮ್ಮ ಪಾಲಿನದು ಕೈಬಿಟ್ಟಿದ್ದರೆ ಕೇಳೋಣ. ಅನ್ಯರ ಪಾಲು ನಮ್ಮ ಹೆಸರಿಗೆ ಸೇರಿದ್ದರೆ ನಾವೇ ಮುಂದಾಗಿ ತಿದ್ದಿಸೋಣ. ಸ್ವತಃ ತಮಗೆ ವಿರುದ್ಧವಾದರೂ ನ್ಯಾಯದ ಸಾಕ್ಷಿಗಳಾಗಬೇಕೆಂಬುದು ಪವಿತ್ರ ಕುರ್‌ಆನಿನ ಆದೇಶವಲ್ಲವೇ?