ಬಂಡೆಯ ಮೇಲಿನ ಮಾತೆ, ದಡದ ಮೇಲಿನ ಮಹಾರಾಣಿ



ಹಳೇ ಗೋವೆಗೆ ಹೋಗಿ ಸಂತ ಫ್ರಾನ್ಸಿಸ್ ಝೇವಿಯರರ ಪವಿತ್ರ ಶರೀರದ ದರ್ಶನ ಪಡೆದುಬಂದ ಕುಟುಂಬಗಳು ನಮ್ಮ ಧರ್ಮಕೇಂದ್ರಗಳಲ್ಲಿ ಸಾಕಷ್ಟಿವೆ. ಆ ಸಂತರು ಯಾವ ನಾಡಿನವರೆಂದು ಕೇಳಿದರೆ ಸ್ಪೇನಿನವರು ಎನ್ನುತ್ತೇವೆ. ತಪ್ಪೇನಲ್ಲ. ಆದರೆ ಅವರು ಬಾಸ್ಕ್ ಜನಾಂಗದವರು. ಪಿರನೀಸ್ ಬೆಟ್ಟಗಳ ಎರಡೂ ಮಗ್ಗುಲಲ್ಲಿ, ಕೆಲವರು ಸ್ಪೇನಿಗೆ ಕೆಲವರು ಫ್ರಾನ್ಸಿಗೆ ಸೇರಿಹೋದ, ಆದರೂ ತಮ್ಮ ಭಾಷೆಯನ್ನು ಬಿಡದ ಜನ ಅವರು. ಗಡಿಯಲ್ಲಿ ಬಾಳುವವರ ಪಾಡನ್ನು ನಮ್ಮ ಓದುಗರಿಗೆ ನಾನು ವಿವರಿಸಬೇಕಾಗಿಲ್ಲ! ಆ ಬಾಸ್ಕ್ ಸೀಮೆಯ ಫ್ರಾನ್ಸಿನ ಕರಾವಳಿಯಲ್ಲಿ ಬಿಯಾರಿಟ್ಸ್ ಎಂಬ ಊರಿದೆ. ಶ್ರೀಮಂತರು ಸಮುದ್ರಸ್ನಾನಕ್ಕೆ ಬರುವ ಸೊಗಸಿನ ಊರು ಎಂದು ಅದಕ್ಕೆ ಹೆಸರು. ಈ ತಿಂಗಳು ಅಲ್ಲಿಗೆ ಹೋಗಿಬರೋಣ.

ಮೊದಲು ಅದು ಬಡ ಮೀನುಗಾರರ ಹಳ್ಳಿ. ಹನ್ನೆರಡನೆಯ ಶತಮಾನದಿಂದಲೂ ಅಲ್ಲಿನ ಗಂಡಸರು ಚಿಕ್ಕ ದೋಣಿಗಳಲ್ಲಿ ಹೋಗಿ ತಿಮಿಂಗಿಲಗಳನ್ನು ಈಟಿಯಿಂದ ಹೊಡೆದು ತರುತ್ತಿದ್ದರು. ಊರಿನ ಗುಡ್ಡದ ತುದಿಗೆ ಅತಲಾಯ್ ಎಂದು ಹೆಸರು, ಅಂದರೆ ಕಾವಲು ಗೋಪುರದ ಜಾಗ. ದೂರದ ಕಡಲಿನಲ್ಲಿ ತಿಮಿಂಗಿಲ ಕಂಡರೆ ಕಾವಲಿನವನು ಅಲ್ಲಿ ಹೊಗೆ ಎಬ್ಬಿಸುತ್ತಿದ್ದ. ಕೂಡಲೇ ದೋಣಿಗಳು ನೀರಿಗಿಳಿಯುತ್ತಿದ್ದವು. ಎಳೆದು ತಂದ ಪ್ರಾಣಿಯನ್ನು 'ಹಳೇ ಬಂದರು' ಎಂಬ ಪುಟ್ಟ ಕೊಲ್ಲಿಯಲ್ಲಿ ಕೊಯ್ದು, ಕೊಬ್ಬಿನಿಂದ ದೀಪದ ಎಣ್ಣೆ ಮಾಡುತ್ತಿದ್ದರು. ಅದರ ನಾಲಿಗೆಯನ್ನು ಚರ್ಚಿಗೆ ಕೊಡುವ ವಾಡಿಕೆ ಆ ಕರಾವಳಿಯಲ್ಲಿತ್ತು. ನಾವು ತೆನೆಹಬ್ಬಕ್ಕೆ ಹೊಸ ಭತ್ತದ ತೆನೆ ತರುತ್ತೇವೆ. ಅವರು ತಿಮಿಂಗಿಲದ ನಾಲಿಗೆ ತರುತ್ತಿದ್ದರು. ಆ ಕಾಣಿಕೆಯನ್ನು ಎತ್ತಿಡಬೇಕಾದ ಗುರುಗಳ ಅವಸ್ಥೆಯನ್ನು ನೆನೆದರೆ ನನಗೆ ನಗು ಬರುತ್ತದೆ. ಊರಿನ ಲಾಂಛನದಲ್ಲಿ ಇಂದಿಗೂ ದೋಣಿಯೂ ತಿಮಿಂಗಿಲವೂ ಇವೆ. ಜೊತೆಗಿರುವ ಲತೀನ್ ಧ್ಯೇಯವಾಕ್ಯದ ಅರ್ಥ, 'ಗಾಳಿ, ನಕ್ಷತ್ರ, ಕಡಲು ನನಗೆ ನೆರವಾಗುತ್ತವೆ' ಎಂದು.

ಆದರೆ ಬಿಸ್ಕೆ ಕೊಲ್ಲಿಯ ಕಡಲು ಎಲ್ಲರಿಗೂ ನೆರವಾಗುವಂಥದ್ದಲ್ಲ. ಹಠಾತ್ತನೆ ಏಳುವ ಬಿರುಗಾಳಿಗೂ ಕಾಲು ಸೆಳೆಯುವ ಪ್ರವಾಹಗಳಿಗೂ ಅದು ಹೆಸರುವಾಸಿ.

1843ರ ಬೇಸಿಗೆಯಲ್ಲಿ ಫ್ರೆಂಚ್ ಸಾಹಿತಿ ವಿಕ್ಟರ್ ಹ್ಯೂಗೊ ಈ ಹಳ್ಳಿಗೆ ಬಂದ. ಬಿಳಿ ಗೋಡೆ, ಕೆಂಪು ಹೆಂಚು, ಹಸಿರು ಕಿಟಕಿಗಳ ಮನೆಗಳನ್ನು ಕಂಡು ಮನಸೋತ. ದೊಡ್ಡವರ ಕಣ್ಣು ಬಿದ್ದು ಇದು ಶೋಕಿಯ ಊರಾಗಿಬಿಟ್ಟರೆ ಏನು ಗತಿ ಎಂಬ ಅಳುಕನ್ನೂ ಬರೆದಿಟ್ಟ. ಆ ಪ್ರವಾಸ ಮುಗಿಸಿ ಮರಳುವಾಗ, ರೋಶ್‌ಫೋರ್ ಎಂಬ ಊರಿನ ಕಾಫಿ ಅಂಗಡಿಯಲ್ಲಿ ಕುಳಿತು ಪತ್ರಿಕೆ ಬಿಡಿಸಿದ. ಹತ್ತೊಂಬತ್ತು ವರ್ಷದ ಅವನ ಮಗಳು ಲಿಯೊಪೋಲ್ದಿನ್ ಗಂಡನ ಜೊತೆ ಸೇನ್ ನದಿಯಲ್ಲಿ ದೋಣಿ ಮಗುಚಿ ತೀರಿಕೊಂಡ ಸುದ್ದಿ ಅದರಲ್ಲಿತ್ತು. ಅವಳು ಸತ್ತು ಆಗಲೇ ಐದು ದಿನವಾಗಿತ್ತು. ತಂದೆಯಾದವನಿಗೆ ಮಗಳ ಸಾವಿನ ಸುದ್ದಿ ಅಚ್ಚಾದ ಕಾಗದದಿಂದ ತಿಳಿಯುವುದೆಂದರೆ!

ಹ್ಯೂಗೊ ಅಳುಕಿದ್ದು ಹನ್ನೊಂದೇ ವರ್ಷದಲ್ಲಿ ನಿಜವಾಯಿತು. ಸ್ಪೇನಿನ ಗ್ರನಾಡದಲ್ಲಿ ಹುಟ್ಟಿದ ಯೂಜೆನಿ ಎಂಬ ಹುಡುಗಿ ತಾಯಿಯ ಜೊತೆ ಇಲ್ಲಿಗೆ ಸಮುದ್ರಸ್ನಾನಕ್ಕೆ ಬರುತ್ತಿದ್ದಳು. 1853ರಲ್ಲಿ ಆಕೆ ಫ್ರಾನ್ಸಿನ ಚಕ್ರವರ್ತಿ ಮೂರನೆಯ ನೆಪೋಲಿಯನ್ನನ ಕೈಹಿಡಿದರು. ಮರುವರ್ಷವೇ ಗಂಡನನ್ನು ತಮ್ಮ ಬಾಲ್ಯದ ಕಡಲತೀರಕ್ಕೆ ಕರೆತಂದರು. ಚಕ್ರವರ್ತಿ ಅಲ್ಲೇ ನೀರಿನಂಚಿನಲ್ಲಿ ಬೇಸಿಗೆಯ ಅರಮನೆ ಕಟ್ಟಿಸಿದ. 1868ರವರೆಗೆ ಹೆಚ್ಚುಕಡಿಮೆ ಪ್ರತಿವರ್ಷ ಅರಮನೆಯವರು ಬಂದರು; ಅವರ ಹಿಂದೆ ಯೂರೋಪಿನ ದೊರೆಗಳೂ ಧನಿಕರೂ ಬಂದರು. ಹಳ್ಳಿಯ ಹೆಂಚಿನ ಮನೆಗಳ ನಡುವೆ ಬಂಗಲೆಗಳು ಎದ್ದವು.

ಅರಮನೆಯ ಹತ್ತಿರ ಮಹಾರಾಣಿ 1864ರಲ್ಲಿ ಕಟ್ಟಿಸಿದ ಚಿಕ್ಕ ಪ್ರಾರ್ಥನಾಲಯವಿದೆ. ಅದನ್ನು ಅರ್ಪಿಸಿರುವುದು ಮೆಕ್ಸಿಕೊದ ಗ್ವಾದಲೂಪೆ ಮಾತೆಗೆ. ಫ್ರಾನ್ಸಿನಲ್ಲಿ ಮೆಕ್ಸಿಕೊದ ಮಾತೆ ಏಕೆ? ಆಗ ಚಕ್ರವರ್ತಿ ಮೆಕ್ಸಿಕೊಕ್ಕೆ ಸೈನ್ಯ ಕಳಿಸಿ, ಮ್ಯಾಕ್ಸಿಮಿಲಿಯನ್ ಎಂಬ ಆಸ್ಟ್ರಿಯದ ರಾಜಕುಮಾರನನ್ನು ಅಲ್ಲಿನ ಸಿಂಹಾಸನದ ಮೇಲೆ ಕೂರಿಸಿದ್ದ. ಮೂರು ವರ್ಷ ಕಳೆಯಿತು. 1867ರಲ್ಲಿ ಮೆಕ್ಸಿಕೊದವರು ಆ ರಾಜನನ್ನು ಗುಂಡಿಟ್ಟು ಕೊಂದರು. ಒಬ್ಬ ಬಡ ಆದಿವಾಸಿ ರೈತ ಹುವಾನ್ ದಿಯೆಗೊನಿಗೆ ಕಾಣಿಸಿಕೊಂಡ ಮಾತೆಯ ಹೆಸರನ್ನು, ಅದೇ ಜನರನ್ನು ಆಳಹೊರಟವರು ತಮ್ಮ ಪ್ರಾರ್ಥನಾಲಯಕ್ಕೆ ಇಟ್ಟುಕೊಂಡದ್ದು ನನಗೇನೋ ಸರಿಕಾಣುವುದಿಲ್ಲ. ಕಟ್ಟಡವಂತೂ ಬಲು ಚೆಲುವಾದದ್ದು.

ನನ್ನ ಮನಸ್ಸಿಗೆ ಹತ್ತಿರವಾದದ್ದು ಕಡಲೊಳಗಿನ 'ಕನ್ಯಾಮಾತೆಯ ಬಂಡೆ'. ಬಿರುಗಾಳಿಗೆ ಸಿಕ್ಕ ದೋಣಿಗಳಿಗೆ ಆಸರೆಯಾಗಲೆಂದು ಚಕ್ರವರ್ತಿ ಅಲ್ಲೊಂದು ಬಂದರು ಕಟ್ಟಿಸಲು ಹೊರಟ. ಬಂಡೆಯನ್ನು ಕೊರೆದು ಸುರಂಗ ಮಾಡಿದರು, ದಡದಿಂದ ಮರದ ಸೇತುವೆ ಹಾಕಿದರು. ಅಲೆಗಳ ಹೊಡೆತದ ಮುಂದೆ ಆ ಕೆಲಸ ಮುಗಿಯಲೇ ಇಲ್ಲ. ಉಳಿದದ್ದು 1865ರಲ್ಲಿ ಬಂಡೆಯ ನೆತ್ತಿಯಲ್ಲಿ ನಿಲ್ಲಿಸಿದ ಮಾತೆಯ ಪ್ರತಿಮೆ. ಕತ್ತಲಲ್ಲಿ ದಾರಿ ತಪ್ಪಿದ ತಿಮಿಂಗಿಲ ಬೇಟೆಗಾರರನ್ನು ಒಂದು ಬೆಳಕು ದಡ ಮುಟ್ಟಿಸಿತಂತೆ, ಅದರ ನೆನಪಿಗೆ ಈ ಪ್ರತಿಮೆ ಎಂದು ಊರಿನವರು ಹೇಳುತ್ತಾರೆ. ಮರದ ಸೇತುವೆಯ ಜಾಗದಲ್ಲಿ ಮುಂದೆ ಕಬ್ಬಿಣದ ಸೇತುವೆ ಬಂತು.

ಇನ್ನೊಂದು ಕಥೆಯನ್ನೂ ಅಲ್ಲಿ ಹೇಳುತ್ತಾರೆ. 1862ರಲ್ಲಿ ಇಲ್ಲಿ ಈಜುತ್ತಿದ್ದ ಒಬ್ಬ ಜರ್ಮನ್ ಗೃಹಸ್ಥನನ್ನು ಪ್ರವಾಹ ಸೆಳೆದೊಯ್ದಿತಂತೆ. ದೀಪಸ್ತಂಭದ ಕಾವಲುಗಾರ ನೀರಿಗೆ ಹಾರಿ ಅವನನ್ನು ದಡಕ್ಕೆಳೆದನಂತೆ. ಕೆಲವೇ ವಾರಗಳಲ್ಲಿ ಆ ಕಾವಲುಗಾರನೇ ಕಡಲಿಗೆ ಬಲಿಯಾದನಂತೆ. ಬದುಕುಳಿದವನು ಬಿಸ್ಮಾರ್ಕ್. 1870ರಲ್ಲಿ ಫ್ರಾನ್ಸನ್ನು ಸೋಲಿಸಿ, ಯೂಜೆನಿಯ ಗಂಡನ ಸಿಂಹಾಸನವನ್ನು ಉರುಳಿಸಿದ ಯುದ್ಧದ ಸೂತ್ರಧಾರ ಅವನೇ.

ಮಹಾರಾಣಿ ಇಂಗ್ಲೆಂಡಿಗೆ ಓಡಿಹೋದರು. 1873ರಲ್ಲಿ ಗಂಡ ತೀರಿಕೊಂಡ. 1879ರಲ್ಲಿ ಒಬ್ಬನೇ ಮಗ ಇಂಗ್ಲಿಷ್ ಸೈನ್ಯದ ಜೊತೆ ಆಫ್ರಿಕಾಕ್ಕೆ ಹೋಗಿ ಜೂಲು ಯೋಧರ ಈಟಿಗೆ ಸಿಕ್ಕಿ ಸತ್ತ. ಮರುವರ್ಷ ಬಿಯಾರಿಟ್ಸಿನ ಅರಮನೆ ಮಾರಾಟವಾಯಿತು. ಮೊದಲು ಜೂಜಿನ ಮನೆ, ಆಮೇಲೆ ಹೋಟೆಲು. 1903ರಲ್ಲಿ ಬೆಂಕಿಗೆ ಸಿಕ್ಕಿ ಮತ್ತೆ ಎದ್ದುನಿಂತಿತು. ಇಂದು ಅದು ಭಾರೀ ಹೋಟೆಲು. ಆ ತಾಯಿಯಾದರೋ ಇಂಗ್ಲೆಂಡಿನ ಫಾರ್ನ್‌ಬರೊದಲ್ಲಿ ಗಂಡ ಮತ್ತು ಮಗನ ಸಮಾಧಿಗಾಗಿ ಒಂದು ಮಠವನ್ನೇ ಕಟ್ಟಿಸಿ, ನಲವತ್ತು ವರ್ಷ ಶೋಕದಲ್ಲಿ ಕಳೆದು, 1920ರಲ್ಲಿ ತೊಂಬತ್ತನಾಲ್ಕನೆಯ ವಯಸ್ಸಿನಲ್ಲಿ ಕಣ್ಮುಚ್ಚಿದರು. ಅವರ ಸಮಾಧಿಯೂ ಅಲ್ಲೇ ಇದೆ.

ಊರು ಮಾತ್ರ ಸೊರಗಲಿಲ್ಲ. ಇಂಗ್ಲೆಂಡಿನ ಏಳನೆಯ ಎಡ್ವರ್ಡ್ ದೊರೆಗೆ ಈ ಊರಿನ ಗಾಳಿ ಎಷ್ಟು ಹಿಡಿಸಿತೆಂದರೆ, 1908ರಲ್ಲಿ ಆಸ್ಕ್ವಿತ್ ಪ್ರಧಾನಿಯಾಗುವಾಗ ಅಧಿಕಾರ ವಹಿಸಿಕೊಳ್ಳಲು ಇಲ್ಲಿಗೇ ರೈಲು ಹತ್ತಿ ಬರಬೇಕಾಯಿತು. ದೊರೆ ರಜೆ ಬಿಟ್ಟು ಅಲುಗಲಿಲ್ಲ! 1957ರಲ್ಲಿ ಸಿನಿಮಾ ಕೆಲಸಕ್ಕೆ ಬಂದ ಅಮೆರಿಕದವನೊಬ್ಬ ಹಲಗೆಯ ಮೇಲೆ ನಿಂತು ಅಲೆಯೇರುವ ಆಟ ತೋರಿಸಿದ. ಈಗ ಆ ಸರ್ಫಿಂಗಿಗಾಗಿಯೇ ಯುವಕರು ಬರುತ್ತಾರೆ. 2019ರ ಆಗಸ್ಟಿನಲ್ಲಿ ಜಿ-7 ರಾಷ್ಟ್ರಗಳ ಸಭೆ ಇಲ್ಲೇ ನಡೆಯಿತು. ನಮ್ಮ ಪ್ರಧಾನಿ ಮೋದಿಯವರೂ ಅತಿಥಿಯಾಗಿ ಹೋಗಿದ್ದರು.

ನೋಡಬೇಕಾದ್ದು ಇನ್ನೂ ಇವೆ. 1834ರ ದೀಪಸ್ತಂಭಕ್ಕೆ 248 ಮೆಟ್ಟಿಲು. ಮಂಡಿನೋವಿನವರು ಕೆಳಗೇ ನಿಂತು ನೋಡಿದರೂ ಆದೀತು. ಮೀನುಗಾರರ ಬಂದರಿನ ಮೇಲೆ ಸಂತ ಯೂಜೆನಿಯ ದೇವಾಲಯವಿದೆ. ಅದರ ಕೆಳಗೆ, ಬಲೆ ಮತ್ತು ಹುಟ್ಟು ಇಡಲೆಂದು ಮೀನುಗಾರರು ಕಟ್ಟಿಕೊಂಡ ಪುಟ್ಟ ಗುಡಿಸಲುಗಳು ಬಂಡೆಗೆ ಒರಗಿಕೊಂಡು ಈಗಲೂ ನಿಂತಿವೆ. ತಿಮಿಂಗಿಲ ಕೊಯ್ಯುತ್ತಿದ್ದ ಹಳೇ ಬಂದರಿನಲ್ಲಿ ಈಗ ಮಕ್ಕಳು ಈಜುತ್ತವೆ. ಕಡಲು ಉಕ್ಕಿದ ದಿನ ಅಲೆಗಳು ಕಬ್ಬಿಣದ ಸೇತುವೆಯನ್ನೂ ದಾಟಿ ಹಾರುತ್ತವೆ. ಆಗ ಪ್ರವಾಸಿಗರು ದಡದಲ್ಲೇ ನಿಂತು, ನೀರಿನ ತುಂತುರಿನ ನಡುವೆ ಕಾಣುವ ಮಾತೆಯ ಫೋಟೊ ತೆಗೆಯುತ್ತಾರೆ.