ತೋರಿಸೋಕೆ ಮಾತ್ರ ಇರುವ ವಿಮೆ

ಪಕ್ಕದ ಊರಿನ ಜಾತ್ರೆಯ ರಾತ್ರಿ ರೈತರೊಬ್ಬರ ಓಮ್ನಿ ಕಾಣೆಯಾಯಿತು. ತೇರಿನ ಬಯಲಿನ ಅಂಚಿನಲ್ಲಿ ನಿಲ್ಲಿಸಿ, ನಾಟಕ ನೋಡಿ ಬರುವಷ್ಟರಲ್ಲಿ ಗಾಡಿ ಇರಲಿಲ್ಲ. ಮಗಳನ್ನು ಹೆರಿಗೆಗೆ ಕರೆದೊಯ್ದದ್ದು, ಬೆಳೆದ ತರಕಾರಿ ಸಂತೆಗೆ ಸಾಗಿಸಿದ್ದು ಎಲ್ಲ ಅದೇ ಗಾಡಿಯಲ್ಲಿ. ಠಾಣೆಗೆ ಹೋಗುವಾಗ ಅವರಿಗಿದ್ದ ಸಮಾಧಾನ ಒಂದೇ: 'ಇನ್ಶೂರೆನ್ಸ್ ಕಟ್ಟಿದೀನಲ್ಲ.'

ಅವರು ಕಟ್ಟಿದ್ದು ಥರ್ಡ್ ಪಾರ್ಟಿ ವಿಮೆ. ಅದರಲ್ಲಿ ಕಳುವಾದ ಗಾಡಿಗೆ ಒಂದು ರೂಪಾಯಿಯೂ ಸಿಗುವುದಿಲ್ಲ. ಸಾಲದ್ದಕ್ಕೆ ಆರ್‌ಸಿ ಇನ್ನೂ ಹಳೆಯ ಮಾಲೀಕರ ಹೆಸರಿನಲ್ಲಿತ್ತು. ಎರಡನೇ ಕೀ ಕೂಡ ಅವರ ಮನೆಯಲ್ಲೇ ಉಳಿದಿತ್ತು. ಕಳ್ಳ ಒಯ್ದದ್ದು ಗಾಡಿಯನ್ನು. ಮಿಕ್ಕಿದ್ದೆಲ್ಲ ಅದಕ್ಕೂ ಮೊದಲೇ ಕೈತಪ್ಪಿತ್ತು.

ನಮ್ಮ ಹಳ್ಳಿಗಳಲ್ಲಿ ವಿಮೆ ಎಂದರೆ ಪೊಲೀಸರಿಗೆ ತೋರಿಸುವ ಕಾಗದ. ಹೀಗಾಗಲು ಕಾರಣವೂ ಇದೆ. 1988ರ ಮೋಟಾರು ವಾಹನ ಕಾಯ್ದೆ ಕಡ್ಡಾಯ ಮಾಡಿರುವುದು ಥರ್ಡ್ ಪಾರ್ಟಿ ವಿಮೆಯನ್ನು ಮಾತ್ರ. ಅದು ನಮ್ಮ ಗಾಡಿಯಿಂದ ಬೇರೆಯವರಿಗೆ ಆಗುವ ಸಾವು, ಗಾಯ, ನಷ್ಟಕ್ಕೆ. ವಿಮೆ ಇಲ್ಲದೆ ಸಿಕ್ಕಿಬಿದ್ದರೆ ಮೊದಲ ಸಲಕ್ಕೆ 2,000 ರೂಪಾಯಿ ದಂಡ. ಹಾಗಾಗಿ ದಂಡ ತಪ್ಪಿಸಲು ಎಷ್ಟು ಬೇಕೋ ಅಷ್ಟೇ ಕಟ್ಟುತ್ತೇವೆ. 'ಕಡಿಮೇದು ಯಾವುದಿದೆ ಅದನ್ನೇ ಮಾಡಿ' ಅನ್ನುತ್ತೇವೆ. ಏಜೆಂಟರೂ ಅದನ್ನೇ ಮಾಡಿಕೊಡುತ್ತಾರೆ. ಇದರಲ್ಲಿ ಕಳ್ಳತನಕ್ಕೆ ಪರಿಹಾರ ಇಲ್ಲ ಎಂಬ ಮಾತನ್ನು ಇಬ್ಬರೂ ಆಡುವುದಿಲ್ಲ.

ಹಾಗಂತ ಎಲ್ಲರೂ ದುಬಾರಿ ವಿಮೆ ಮಾಡಿಸಿ ಎಂದು ನಾವು ಹೇಳುತ್ತಿಲ್ಲ. ಗಾಡಿ ತೀರಾ ಹಳೆಯದಾಗಿ, ಅದರ ಬೆಲೆಯೇ ಅಷ್ಟಕ್ಕಷ್ಟೇ ಆಗಿದ್ದರೆ ಥರ್ಡ್ ಪಾರ್ಟಿ ಸಾಕು ಎಂದುಕೊಳ್ಳುವುದು ತಪ್ಪಲ್ಲ. ಆದರೆ ಅದು ತಿಳಿದು ಮಾಡಿದ ತೀರ್ಮಾನವಾಗಿರಬೇಕು. ಗಾಡಿ ಹೋದರೆ ಇನ್ನೊಂದು ಕೊಳ್ಳುವ ಶಕ್ತಿ ಇಲ್ಲದ ಮನೆಗೇ ಸಮಗ್ರ ವಿಮೆ ಹೆಚ್ಚು ಬೇಕು. ನಮ್ಮಲ್ಲಿ ಅಂಥ ಮನೆಗಳೇ ಅದನ್ನು ಬಿಟ್ಟುಕೊಟ್ಟಿವೆ.

ಖರ್ಚು ಇಳಿಸಲು ಸರಿಯಾದ ದಾರಿಗಳಿವೆ. ಮೊದಲು ಪ್ರೀಮಿಯಂ ಎರಡು ಭಾಗ ಎಂಬುದು ಗೊತ್ತಿರಲಿ. ಥರ್ಡ್ ಪಾರ್ಟಿ ದರವನ್ನು ಸರ್ಕಾರವೇ ನಿಗದಿ ಮಾಡುತ್ತದೆ. 2022ರ ಜೂನ್‌ನಲ್ಲಿ ಜಾರಿಗೆ ಬಂದ ದರದಲ್ಲಿ 1,000 ಸಿಸಿವರೆಗಿನ ಕಾರಿಗೆ 2,094 ರೂಪಾಯಿ, 1,500 ಸಿಸಿವರೆಗೆ 3,416. ಎಲ್ಲ ಕಂಪನಿಗೂ ಒಂದೇ ದರ, ಇಲ್ಲಿ ಚೌಕಾಸಿ ನಡೆಯದು. ನಮ್ಮ ಗಾಡಿಯ ಹಾನಿ ಮತ್ತು ಕಳ್ಳತನಕ್ಕೆ ಕಟ್ಟುವ ಎರಡನೇ ಭಾಗದಲ್ಲಿ ಕಂಪನಿಯಿಂದ ಕಂಪನಿಗೆ ವ್ಯತ್ಯಾಸ ಇರುತ್ತದೆ. ಎರಡು ಮೂರು ಕಡೆ ವಿಚಾರಿಸಬೇಕಾದ್ದು ಅದನ್ನು.

ಈ ಭಾಗಕ್ಕೇ ನೋ ಕ್ಲೇಮ್ ಬೋನಸ್ ಸಿಗುವುದು. ಕ್ಲೇಮ್ ಮಾಡದ ಮೊದಲ ವರ್ಷಕ್ಕೆ ಶೇ 20, ಆಮೇಲೆ 25, 35, 45, ಐದನೇ ವರ್ಷಕ್ಕೆ ಶೇ 50. ಲೆಕ್ಕಕ್ಕೆ ಈ ಭಾಗದ ಪ್ರೀಮಿಯಂ 6,000 ಎಂದುಕೊಳ್ಳಿ. ಶೇ 50 ಬೋನಸ್ ಇದ್ದರೆ 3,000 ಕಟ್ಟಿದರಾಯಿತು. ಎರಡು ಸಾವಿರದ ಬಂಪರ್ ರಿಪೇರಿಗೆ ಕ್ಲೇಮ್ ಮಾಡಿದರೆ ಮುಂದಿನ ವರ್ಷ ಮತ್ತೆ ಪೂರ್ತಿ 6,000. ಕಳೆದುಕೊಂಡ ಬೋನಸ್ಸು ಮತ್ತೆ ಶೇ 50ಕ್ಕೆ ಏರಲು ಐದು ವರ್ಷ ಬೇಕು. ಸಣ್ಣಪುಟ್ಟದ್ದನ್ನು ಕೈಯಿಂದಲೇ ಹಾಕಿಕೊಳ್ಳುವುದು ಲಾಭ. ಅವಧಿ ಮುಗಿದ 90 ದಿನದೊಳಗೆ ನವೀಕರಿಸದಿದ್ದರೂ ಈ ಬೋನಸ್ ಹೋಗುತ್ತದೆ. ಫಸಲಿನ ದುಡ್ಡು ಬರಲಿ ಎಂದು ಕಾಯುವವರು ಇದನ್ನು ಮರೆಯಬಾರದು.

ಇನ್ನೊಂದು ಸಂಗತಿ ಐಡಿವಿ. ಗಾಡಿ ಪೂರ್ತಿ ಹೋದರೆ ಕಂಪನಿ ಕೊಡುವ ಗರಿಷ್ಠ ಮೊತ್ತ ಅದೇ. ಪ್ರೀಮಿಯಂ ಕಡಿಮೆ ಕಾಣಲಿ ಎಂದು ಐಡಿವಿಯನ್ನೇ ಕೆಳಗಿಳಿಸಿ ಕೊಡುವವರಿದ್ದಾರೆ. ಈಗ ಉಳಿಯುವುದು ನೂರರ ಲೆಕ್ಕದಲ್ಲಿ, ಕಳುವಾದ ದಿನ ಹೋಗುವುದು ಸಾವಿರಗಳ ಲೆಕ್ಕದಲ್ಲಿ.

ಕಳ್ಳತನ ತಡೆಯುವ ಸಾಧನಕ್ಕೂ ರಿಯಾಯಿತಿ ಇದೆ. ಪುಣೆಯ ಎಆರ್‌ಎಐ ಸಂಸ್ಥೆ ಒಪ್ಪಿದ ಸಾಧನ ಹಾಕಿಸಿದರೆ ಸಾಮಾನ್ಯವಾಗಿ ಶೇ 2.5, ಹೆಚ್ಚೆಂದರೆ 500 ರೂಪಾಯಿ. ಮೇಲಿನ ಲೆಕ್ಕದಲ್ಲಿ ಅದು 150 ರೂಪಾಯಿ. ಅದಕ್ಕಾಗಿ ಯಾರೂ ಹಾಕಿಸಬೇಕಿಲ್ಲ, ಗಾಡಿ ಉಳಿಯಲಿ ಎಂದು ಹಾಕಿಸಬೇಕು. ಇಮ್ಮೊಬಿಲೈಸರ್ ಇಲ್ಲದ ಹಳೆಯ ಕಾರುಗಳಿಗೆ ಸ್ಟೀರಿಂಗ್ ಲಾಕ್, ಗೇರ್ ಲಾಕ್, ಕಣ್ಣಿಗೆ ಕಾಣದ ಕಡೆ ಒಂದು ಕಟ್-ಆಫ್ ಸ್ವಿಚ್ ಸಾಕಷ್ಟು ಕೆಲಸ ಮಾಡುತ್ತವೆ. ಕಳ್ಳನಿಗೆ ಬೇಕಾದ್ದು ಬೇಗ ಹೊರಡುವ ಗಾಡಿ. ಐದು ನಿಮಿಷ ತಡ ಮಾಡಿಸಿದರೆ ಅವನು ಪಕ್ಕದ್ದನ್ನು ನೋಡುತ್ತಾನೆ.

ದುಡ್ಡೇ ಬೇಡದ ಕೆಲಸಗಳೂ ಇವೆ. 'ಎರಡೇ ನಿಮಿಷ' ಎಂದು ಕೀ ಬಿಟ್ಟು ಅಂಗಡಿಗೆ ಇಳಿಯಬೇಡಿ. ಹಾಗೆ ಹೋದ ಗಾಡಿಗೆ 'ಮಾಲೀಕರ ಅಜಾಗರೂಕತೆ' ಎಂದು ಕಂಪನಿ ಕ್ಲೇಮ್ ತಡೆಯಬಹುದು. ಕ್ಲೇಮ್ ಸಮಯದಲ್ಲಿ ಎರಡೂ ಕೀ ಕೇಳುತ್ತಾರೆ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗಲೇ ಎರಡನ್ನೂ ಕೇಳಿ ಪಡೆಯಿರಿ. ಮೂಲ ಆರ್‌ಸಿಯನ್ನು ಡ್ಯಾಶ್‌ಬೋರ್ಡಿನಲ್ಲಿ ಇಟ್ಟು ಕಳ್ಳನಿಗೆ ಕಾಗದವನ್ನೂ ಒದಗಿಸಬೇಡಿ, ಡಿಜಿಲಾಕರ್‌ನಲ್ಲಿರುವುದನ್ನು ತೋರಿಸಿದರೂ ನಡೆಯುತ್ತದೆ.

ಎಲ್ಲಕ್ಕಿಂತ ದೊಡ್ಡ ತಪ್ಪು ನಡೆಯುವುದು ಹೆಸರು ಬದಲಾವಣೆಯಲ್ಲಿ. ಫಾರಂ 29, 30ಕ್ಕೆ ಸಹಿ ಹಾಕಿಸಿಕೊಂಡು ಬೀರುವಿನಲ್ಲಿ ಇಟ್ಟುಬಿಡುತ್ತೇವೆ. ಗಾಡಿ ಕೈ ಬದಲಾದರೆ ಥರ್ಡ್ ಪಾರ್ಟಿ ರಕ್ಷಣೆ ಹೊಸಬರಿಗೆ ತಾನಾಗಿ ಬರುತ್ತದೆ, ಕಳ್ಳತನ ಮತ್ತು ಸ್ವಂತ ಹಾನಿಯ ರಕ್ಷಣೆ ಹಾಗೆ ಬರುವುದಿಲ್ಲ. 14 ದಿನದೊಳಗೆ ವಿಮಾ ಕಂಪನಿಗೆ ಅರ್ಜಿ ಕೊಡಬೇಕು. ಮಾರಿದವರಿಗೂ ಗಂಡಾಂತರ ತಪ್ಪಿದ್ದಲ್ಲ. ಆರ್‌ಸಿಯಲ್ಲಿ ಹೆಸರಿರುವವರೇ ಮಾಲೀಕರು ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಆ ಗಾಡಿ ಯಾರಿಗಾದರೂ ಗುದ್ದಿದರೆ ನೋಟಿಸು ಬರುವುದು ಅವರ ಮನೆಗೆ.

ಗಾಡಿ ಹೋಗಿಯೇ ಬಿಟ್ಟರೆ ಎರಡು ದಿನ ನಾವೇ ಹುಡುಕೋಣ ಎಂದು ಕೂರಬೇಡಿ. ಕೂಡಲೇ 112ಕ್ಕೆ ಕರೆ ಮಾಡಿ, ಎಫ್‌ಐಆರ್ ಮಾಡಿಸಿ, ಅದೇ ದಿನ ಕಂಪನಿಗೂ ತಿಳಿಸಿ. 'ಅದು ನಮ್ಮ ವ್ಯಾಪ್ತಿಯಲ್ಲ' ಎಂದು ಠಾಣೆಯಲ್ಲಿ ವಾಪಸ್ ಕಳಿಸುವಂತಿಲ್ಲ. ಹೊಸ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು, ಎಫ್‌ಐಆರ್ ಪ್ರತಿ ಉಚಿತ. ಎಫ್‌ಐಆರ್ ತಕ್ಷಣ ಆಗಿದ್ದರೆ, ಕಂಪನಿಗೆ ತಡವಾಗಿ ತಿಳಿಸಿದ ಒಂದೇ ಕಾರಣಕ್ಕೆ ಕ್ಲೇಮ್ ತಿರಸ್ಕರಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಗಾಡಿ ಸಿಗದಿದ್ದರೆ ಪೊಲೀಸರ 'ಸಿ' ರಿಪೋರ್ಟ್ ಬೇಕಾಗುತ್ತದೆ. ಕಂಪನಿ ಸತಾಯಿಸಿದರೆ ಬೆಂಗಳೂರಿನಲ್ಲಿ ವಿಮಾ ಓಂಬುಡ್ಸ್‌ಮನ್ ಕಚೇರಿ ಇದೆ, ಅಲ್ಲಿ ದೂರಿಗೆ ಶುಲ್ಕವಿಲ್ಲ.

ಇಷ್ಟನ್ನೂ ರೈತರು ತಾವೇ ಓದಿ ತಿಳಿಯಲಿ ಎನ್ನುವುದು ನ್ಯಾಯವಲ್ಲ. ನಾವು ನೋಡಿದ ಪಾಲಿಸಿಗಳೆಲ್ಲ ಇಂಗ್ಲಿಷಿನಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿದ್ದವು. ಕಂಪನಿಗಳಿಗೆ ನಮ್ಮ ಬೇಡಿಕೆ ಇಷ್ಟೇ: ಥರ್ಡ್ ಪಾರ್ಟಿ ಪಾಲಿಸಿಯ ಮೊದಲ ಪುಟದಲ್ಲಿ 'ಗಾಡಿ ಕಳುವಾದರೆ ಇದರಲ್ಲಿ ಪರಿಹಾರ ಇಲ್ಲ' ಎಂದು ದಪ್ಪ ಕನ್ನಡದಲ್ಲಿ ಅಚ್ಚು ಹಾಕಿ. ಅಲ್ಲಿಯವರೆಗೆ ನಮ್ಮೂರಿನ ಏಜೆಂಟರು ದುಡ್ಡು ಎಣಿಸಿಕೊಳ್ಳುವ ಮೊದಲು ಆ ಮಾತನ್ನು ಬಾಯಿಬಿಟ್ಟು ಹೇಳಲಿ. ಅವರು ಹೇಳದಿದ್ದರೆ ನಾವೇ ಕೇಳೋಣ.

ಆ ರೈತರು ಈಗ ಸಂತೆಗೆ ಬಾಡಿಗೆ ಆಟೊ ಹಿಡಿಯುತ್ತಾರೆ. ಅವರ ಪಾಲಿಸಿ ಇನ್ನೂ ನಾಲ್ಕು ತಿಂಗಳು ಚಾಲ್ತಿಯಲ್ಲಿದೆ.