ಪಹಣಿಯಂತೆ ಪತ್ತಿನ ವರದಿಯನ್ನೂ ಓದೋಣ



ಸಾಲಕ್ಕೆ ಅರ್ಜಿ ಹಾಕುವ ಮುಂಚೆ ಪಹಣಿ ತೆಗೆಸಿ ನೋಡುವುದು ನಮ್ಮ ರೈತರಿಗೆ ಹೊಸದಲ್ಲ. ಹೆಸರು ಸರಿ ಇದೆಯೇ, ವಿಸ್ತೀರ್ಣ ಸರಿ ಇದೆಯೇ, ತೀರಿಸಿದ ಸಾಲದ ಬೋಜಾ ಇನ್ನೂ ಹಾಗೇ ಉಳಿದಿದೆಯೇ ಎಂದು ಎಲ್ಲರೂ ನೋಡಿಕೊಳ್ಳುತ್ತಾರೆ. ಭೂಮಿಗೆ ಪಹಣಿ ಇರುವಂತೆ ಸಾಲ ಪಡೆದವನಿಗೂ ಈಗ ಒಂದು ಪಹಣಿ ಇದೆ. ಅದೇ ಕ್ರೆಡಿಟ್ ರಿಪೋರ್ಟು, ಜನ ‘ಸಿಬಿಲ್’ ಎಂದು ಕರೆಯುವ ಪತ್ತಿನ ವರದಿ. ಬ್ಯಾಂಕಿನ ಮ್ಯಾನೇಜರರು ಅದನ್ನು ಓದುತ್ತಾರೆ, ಫೈನಾನ್ಸ್ ಕಂಪನಿಯವರೂ ಓದುತ್ತಾರೆ. ಆದರೆ ಅದು ಯಾರ ಹೆಸರಿನಲ್ಲಿದೆಯೋ ಆ ರೈತ ಮಾತ್ರ ಅದನ್ನು ಕಂಡಿರುವುದಿಲ್ಲ. ಈ ಸ್ಥಿತಿ ಬದಲಾಗಬೇಕು ಎಂಬುದೇ ಈ ಬರಹದ ಉದ್ದೇಶ.

ಇದನ್ನು ಬರೆಯುತ್ತಿರುವುದು ಸುರಪುರ ಸೀಮೆಯ ಕಕ್ಕೇರಾದಿಂದ. ಇಲ್ಲಿ ಕಾಫಿ ತೋಟವಿಲ್ಲ. ಕಾಲುವೆಯ ನೀರಿಗೆ ಭತ್ತ, ಮಳೆಗೆ ತೊಗರಿ, ಹತ್ತಿ. ಆದರೂ ಸಾಲದ ಲೆಕ್ಕದಲ್ಲಿ ಮಲೆನಾಡಿಗೂ ನಮಗೂ ಈಗ ಅಂತರ ಉಳಿದಿಲ್ಲ. ಈ ಕಡೆಯ ಕೃಷ್ಣಾ ಗ್ರಾಮೀಣ ಬ್ಯಾಂಕು 2013ರಲ್ಲಿ ಪ್ರಗತಿ ಕೃಷ್ಣಾ ಗ್ರಾಮೀಣ ಬ್ಯಾಂಕಾಯಿತು. ನಿಮ್ಮ ಕಡೆಯ ಚಿಕ್ಕಮಗಳೂರು-ಕೊಡಗು ಗ್ರಾಮೀಣ ಬ್ಯಾಂಕು 2012ರಲ್ಲಿ ಕಾವೇರಿ ಗ್ರಾಮೀಣ ಬ್ಯಾಂಕಿನಲ್ಲಿ ಸೇರಿತು. 2019ರಲ್ಲಿ ಇವೆರಡೂ ಕೂಡಿದವು. 2025ರ ಮೇ 1ರಂದು ವಿಕಾಸ ಗ್ರಾಮೀಣ ಬ್ಯಾಂಕೂ ಜೊತೆಗೂಡಿ ರಾಜ್ಯಕ್ಕೆಲ್ಲ ಒಂದೇ ಕರ್ನಾಟಕ ಗ್ರಾಮೀಣ ಬ್ಯಾಂಕು ಆಗಿದೆ. ದೊಡ್ಡ ಬ್ಯಾಂಕುಗಳದೂ ಇದೇ ಕಥೆ. ಹೈದರಾಬಾದ್ ಮತ್ತು ಮೈಸೂರು ಸ್ಟೇಟ್ ಬ್ಯಾಂಕುಗಳು 2017ರಲ್ಲಿ, ವಿಜಯಾ ಬ್ಯಾಂಕು 2019ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು 2020ರಲ್ಲಿ ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು.

ಹೀಗೆ ಒಂದೇ ಸಾಲದ ಲೆಕ್ಕ ಎರಡು ಮೂರು ಸಲ ಕೈ ಬದಲಾಯಿಸಿದಾಗ ತಪ್ಪು ನುಸುಳುವುದಕ್ಕೆ ಎಡೆಯುಂಟು. ಹಳೆಯ ಬ್ಯಾಂಕಿನ ಹೆಸರಿನಲ್ಲೊಮ್ಮೆ, ಹೊಸ ಬ್ಯಾಂಕಿನ ಹೆಸರಿನಲ್ಲೊಮ್ಮೆ ಒಂದೇ ಸಾಲ ಎರಡಾಗಿ ಕಾಣಬಹುದು. ತೀರಿದ ಸಾಲ ಬಾಕಿ ಎಂದೇ ಉಳಿಯಬಹುದು. ಅದರ ಫಲವಾಗಿ ಬೆಳೆ ಸಾಲ ಸಿಗದೆ ಹೋದರೆ ಬಿತ್ತನೆ ಕಾಯುವುದಿಲ್ಲ. ಆಗ ರೈತ ಹೋಗುವುದು ಅಡತಿ ಅಂಗಡಿಗೆ ಅಥವಾ ಬಡ್ಡಿ ಸಾಹುಕಾರನ ಮನೆಗೆ. ಒಂದು ತಪ್ಪು ನಮೂದಿನ ಬೆಲೆ ಹೀಗೆ ಇಡೀ ವರ್ಷದ ಬಡ್ಡಿಯಾಗಿ ಕುಟುಂಬದ ಮೇಲೆ ಬೀಳುತ್ತದೆ.

ಹಕ್ಕು ಏನು?

ಪತ್ತಿನ ಮಾಹಿತಿ ಸಂಗ್ರಹಿಸುವ ಕಂಪನಿಗಳಿಗಾಗಿ 2005ರಲ್ಲಿ ಪ್ರತ್ಯೇಕ ಕಾನೂನು ಬಂತು. ಇಂಥ ಕಂಪನಿಗಳು ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಸಿಆರ್‌ಐಎಫ್ ಹೈಮಾರ್ಕ್. ಪ್ರತಿಯೊಂದು ಕಂಪನಿಯೂ ಕೇಳಿದವರಿಗೆ ವರ್ಷಕ್ಕೊಮ್ಮೆ ಅಂಕ ಸಹಿತ ಪೂರ್ಣ ವರದಿಯನ್ನು ಪುಕ್ಕಟೆಯಾಗಿ ಕೊಡಬೇಕೆಂದು ರಿಸರ್ವ್ ಬ್ಯಾಂಕು 2016ರಲ್ಲಿ ಆಜ್ಞೆ ಮಾಡಿತು. 2017ರ ಜನವರಿಯಿಂದ ಅದು ಜಾರಿಯಲ್ಲಿದೆ. ನಾಲ್ಕು ಕಂಪನಿ, ವರ್ಷಕ್ಕೆ ನಾಲ್ಕು ವರದಿ. ಮೂರು ತಿಂಗಳಿಗೊಂದರಂತೆ ತರಿಸಿಕೊಂಡರೆ ವರ್ಷವಿಡೀ ಕಣ್ಣಿಟ್ಟಂತಾಗುತ್ತದೆ. ತಾನೇ ತನ್ನ ವರದಿ ನೋಡಿಕೊಂಡರೆ ಅಂಕ ಕಡಿಮೆಯಾಗುತ್ತದೆ ಎಂಬ ಮಾತು ಸುಳ್ಳು.

ಅಮೆರಿಕದಲ್ಲಿ 2003ರ ಕಾನೂನಿನಂತೆ ಅಲ್ಲಿನ ಮೂರು ದೊಡ್ಡ ಕಂಪನಿಗಳ ಪುಕ್ಕಟೆ ವರದಿ ಒಂದೇ ಕಡೆ ಸಿಗುವ ಏರ್ಪಾಡಾಯಿತು. ನಮ್ಮಲ್ಲಿ ನಾಲ್ಕು ಕಂಪನಿಗಳಿಗೆ ನಾಲ್ಕು ಬೇರೆ ಅರ್ಜಿ. ಸಾಲದ್ದಕ್ಕೆ ವರದಿ ಹೆಚ್ಚಾಗಿ ಇಂಗ್ಲಿಷಿನಲ್ಲಿ. ಒಂದೇ ಬಾಗಿಲು ಬೇಕು, ಕನ್ನಡದಲ್ಲಿ ಬೇಕು ಎಂದು ಬೆಳೆಗಾರರ ಸಂಘಟನೆಗಳು ಒತ್ತಾಯಿಸುವುದು ನ್ಯಾಯವೇ ಆಗಿದೆ.

ತರಿಸಿಕೊಳ್ಳುವಾಗ ಎಚ್ಚರ

ಪುಕ್ಕಟೆ ಎಂದ ಕಡೆ ಮೋಸಗಾರರೂ ಸೇರುತ್ತಾರೆ. ಕಂಪನಿಯ ಸ್ವಂತ ತಾಣಕ್ಕೇ ಹೋಗಬೇಕು. ವಾಟ್ಸಾಪಿನಲ್ಲಿ, ಎಸ್ಸೆಮ್ಮೆಸ್ಸಿನಲ್ಲಿ ಬಂದ ಲಿಂಕನ್ನು ಒತ್ತಬಾರದು. ಹೆಸರು, ಜನ್ಮದಿನಾಂಕ, ಪ್ಯಾನ್ ಅಥವಾ ಬೇರೆ ಗುರುತಿನ ಸಂಖ್ಯೆ, ಮೊಬೈಲ್ ನಂಬರು ಕೇಳುವುದು ಸಹಜ. ಎಟಿಎಂ ಪಿನ್, ಯುಪಿಐ ಪಿನ್ ಕೇಳಿದರೆ ಅದು ಮೋಸವೆಂದೇ ತಿಳಿಯಿರಿ. ಹಣ ಕಟ್ಟುವ ಪುಟ ಬಂದರೆ ಅದು ಮಾರಾಟದ ಯೋಜನೆ, ಪುಕ್ಕಟೆ ವರದಿಯಲ್ಲ; ಹಿಂದಕ್ಕೆ ಬಂದು ವರ್ಷಕ್ಕೊಮ್ಮೆಯ ಉಚಿತ ವರದಿಯನ್ನೇ ಆರಿಸಿಕೊಳ್ಳಬೇಕು.

ಕಂಪ್ಯೂಟರ್ ಅಂಗಡಿಯಲ್ಲಿ ತೆಗೆಸುವವರು ಸ್ವಂತ ಮೊಬೈಲ್ ನಂಬರನ್ನೇ ಕೊಡಿ, ಅಂಗಡಿಯವರ ನಂಬರು ಬೇಡ. ಓಟಿಪಿಯನ್ನು ನೀವೇ ಒತ್ತಿ. ಪ್ರಿಂಟು ಕೈಗೆ ಬಂದ ಮೇಲೆ ಕಡತವನ್ನು ಎದುರಿಗೇ ಅಳಿಸಿಸಿ. ‘ಇಷ್ಟು ಕೊಟ್ಟರೆ ಸಿಬಿಲ್ ಕ್ಲಿಯರ್ ಮಾಡಿಸಿಕೊಡುತ್ತೇನೆ’ ಎನ್ನುವ ಏಜೆಂಟರನ್ನು ನಂಬಬೇಡಿ. ನಿಜವಾದ ಬಾಕಿಯನ್ನು ಯಾರೂ ಅಳಿಸಲಾರರು. ತಪ್ಪು ಬಾಕಿಯನ್ನು ತೆಗೆಸಲು ಯಾರಿಗೂ ಹಣ ಕೊಡಬೇಕಾಗಿಲ್ಲ. ಹಣ ಕಳೆದುಕೊಂಡವರು ತಡಮಾಡದೆ 1930ಕ್ಕೆ ಫೋನು ಮಾಡಬೇಕು.

ಏನೇನು ನೋಡಬೇಕು?

ಮೊದಲು ಹೆಸರು, ಜನ್ಮದಿನಾಂಕ, ಪ್ಯಾನ್, ವಿಳಾಸ. ನಮ್ಮ ಊರುಗಳಲ್ಲಿ ಒಂದೇ ಓಣಿಯಲ್ಲಿ ಒಂದೇ ಹೆಸರಿನವರು ನಾಲ್ವರಿರುತ್ತಾರೆ; ಇಂಗ್ಲಿಷಿನಲ್ಲಿ ಬರೆಯುವಾಗ ಒಬ್ಬನ ಹೆಸರೇ ಮೂರು ರೀತಿಯಾಗುತ್ತದೆ. ಒಬ್ಬನ ಸಾಲ ಇನ್ನೊಬ್ಬನ ವರದಿಗೆ ಸೇರುವುದಕ್ಕೆ ಇಷ್ಟು ಸಾಕು.

ಆಮೇಲೆ ಸಾಲಗಳ ಪಟ್ಟಿ. ಪ್ರತಿ ಸಾಲದ ಎದುರು ಕೊಟ್ಟವರ ಹೆಸರು, ಮೊತ್ತ, ಬಾಕಿ, ಸುಸ್ತಿ ನೋಡಿ. ಪೂರ್ತಿ ತೀರಿಸಿದ್ದರೆ ‘ಕ್ಲೋಸ್ಡ್’ ಎಂದಿರಬೇಕು. ‘ಸೆಟಲ್ಡ್’ ಎಂದಿದ್ದರೆ ಕಡಿಮೆ ಹಣಕ್ಕೆ ರಾಜಿಯಾದಿರಿ ಎಂದು ಅರ್ಥ; ‘ರಿಟನ್ ಆಫ್’ ಎಂದರೆ ಬ್ಯಾಂಕು ವಸೂಲಾಗದ ಸಾಲವೆಂದು ಬರೆದುಹಾಕಿದೆ ಎಂದು ಅರ್ಥ. 2008ರ ಕೇಂದ್ರದ ಸಾಲ ಮನ್ನಾ, 2018ರ ರಾಜ್ಯದ ಸಾಲ ಮನ್ನಾಗಳಲ್ಲಿ ಫಲ ಪಡೆದವರು ಈ ಭಾಗವನ್ನು ವಿಶೇಷವಾಗಿ ಗಮನಿಸಬೇಕು. ತಿಂಗಳವಾರು ಚೌಕಗಳಲ್ಲಿ ‘000’ ಇದ್ದರೆ ಆ ತಿಂಗಳು ಸುಸ್ತಿ ಇಲ್ಲ; 30, 60 ಎಂದಿದ್ದರೆ ಕಂತು ಅಷ್ಟು ದಿನ ತಡವಾಗಿದೆ.

ನೀವು ಜಾಮೀನು ಹಾಕಿದ ಸಾಲವೂ ನಿಮ್ಮ ವರದಿಯಲ್ಲಿ ಬರುತ್ತದೆ. ಮನೆಯ ಹೆಣ್ಣುಮಕ್ಕಳು ಗುಂಪಿನಲ್ಲಿ ಪಡೆದ ಮೈಕ್ರೋ ಫೈನಾನ್ಸ್ ಸಾಲ ಅವರವರ ಹೆಸರಿನಲ್ಲಿ ಬರುತ್ತದೆ. ಕಿರುಸಾಲ ವಸೂಲಿಯ ಕಿರುಕುಳ ತಡೆಯಲು 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಆದಕಾರಣ ವರದಿಯನ್ನು ಯಜಮಾನ ಮಾತ್ರವಲ್ಲ, ಮನೆಯ ಹೆಣ್ಣುಮಕ್ಕಳೂ ತರಿಸಿ ನೋಡಬೇಕು.

ಕೊನೆಗೆ ‘ಎನ್‌ಕ್ವೈರಿ’ ಎಂಬ ಭಾಗ. ನಿಮ್ಮ ವರದಿಯನ್ನು ಯಾರು ಯಾರು ಕೇಳಿದರೆಂಬುದು ಅಲ್ಲಿದೆ. ನೀವು ಕಂಡು ಕೇಳರಿಯದ ಕಂಪನಿಯ ಹೆಸರಿದ್ದರೆ ನಿಮ್ಮ ಹೆಸರಿನಲ್ಲಿ ಯಾರೋ ಸಾಲಕ್ಕೆ ಅರ್ಜಿ ಹಾಕಿರಬಹುದು. ಇನ್ನು, ಎಂದೂ ಸಾಲ ಮಾಡದವರಿಗೆ ಅಂಕವೇ ಇರುವುದಿಲ್ಲ, ಅದು ತಪ್ಪಲ್ಲ. ಪತ್ತಿನ ಇತಿಹಾಸವಿಲ್ಲ ಎಂಬ ಒಂದೇ ಕಾರಣಕ್ಕೆ ಮೊದಲ ಸಲದ ಅರ್ಜಿಯನ್ನು ತಿರಸ್ಕರಿಸಬಾರದೆಂದು ಕೇಂದ್ರ ಸರ್ಕಾರ 2025ರಲ್ಲಿ ಸಂಸತ್ತಿನಲ್ಲಿ ಸ್ಪಷ್ಟಪಡಿಸಿದೆ.

ತಪ್ಪು ಕಂಡರೆ

ಪತ್ತಿನ ಕಂಪನಿ ತಾನಾಗಿ ಏನನ್ನೂ ತಿದ್ದುವುದಿಲ್ಲ; ಸಾಲ ಕೊಟ್ಟವರು ಒಪ್ಪಬೇಕು. ಆದ್ದರಿಂದ ಕಂಪನಿಗೂ ಬ್ಯಾಂಕಿಗೂ ಎರಡೂ ಕಡೆ ಬರೆಯುವುದು ಲೇಸು. ಬೇಬಾಕಿ ಪತ್ರ, ಕಟ್ಟಿದ ರಶೀದಿಗಳ ನಕಲು ಲಗತ್ತಿಸಿ, ದೂರಿನ ಸಂಖ್ಯೆ ಮತ್ತು ತಾರೀಖು ಬರೆದಿಟ್ಟುಕೊಳ್ಳಿ. ದೂರು ಕೊಟ್ಟ 30 ದಿನಗಳೊಳಗೆ ಇತ್ಯರ್ಥವಾಗದಿದ್ದರೆ ಮುಂದಿನ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕು 2023ರ ಅಕ್ಟೋಬರಿನಲ್ಲಿ ಆಜ್ಞೆ ಹೊರಡಿಸಿತು. 2024ರ ಏಪ್ರಿಲಿನಿಂದ ಅದು ಜಾರಿಗೆ ಬಂದಿದೆ. ಅಷ್ಟಾದರೂ ಕೆಲಸವಾಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ನರಿಗೆ ದೂರು ಕೊಡಬಹುದು, ಅದಕ್ಕೆ ಶುಲ್ಕವಿಲ್ಲ. ವಿವರಕ್ಕೆ 14448ಕ್ಕೆ ಫೋನು ಮಾಡಿ. ಸಾಲ ತೀರಿಸಿದ ದಿನವೇ ಬೇಬಾಕಿ ಪತ್ರ ಪಡೆದು ಪಹಣಿಯ ಜೊತೆ ಇಡುವ ರೂಢಿ ಮಾಡಿಕೊಂಡರೆ ಈ ತಾಪತ್ರಯದಲ್ಲಿ ಅರ್ಧ ತಪ್ಪುತ್ತದೆ.

ಸಂಘದ ಪಾತ್ರ

ಗೊಬ್ಬರ ಕೊಡುವುದು, ಬೆಳೆ ಮಾರಿಸುವುದು ಸಂಘದ ಕೆಲಸ; ಕಂಪನಿಗಳ ವರದಿ ಓದುವುದು ನಮ್ಮ ಕೆಲಸವೇ ಎಂದು ಕೆಲವರು ಕೇಳಬಹುದು. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಹಕಾರ ಸಂಘ ಹುಟ್ಟಿದ್ದೇ ಪತ್ತಿಗಾಗಿ. ಆಗ ರೈತನ ಪತ್ತನ್ನು ಬಲ್ಲವರು ಅವನ ಊರಿನವರು. ಬರ ಬಂದು ಕಂತು ತಪ್ಪಿದರೆ ಏಕೆ ತಪ್ಪಿತೆಂದು ಅವರಿಗೆ ಗೊತ್ತಿತ್ತು. ಇಂದು ಅವನ ಪತ್ತನ್ನು ಹೇಳುವುದು ಎಲ್ಲೋ ದೂರದಲ್ಲಿ ತಯಾರಾದ ಒಂದು ಹಾಳೆ. ಮಳೆ ಹೋದದ್ದು, ಕೊಳೆ ರೋಗ ಬಂದದ್ದು ಅದಕ್ಕೆ ತಿಳಿಯದು. ಆ ಹಾಳೆಯನ್ನು ಓದಿ ಹೇಳುವ ಜವಾಬ್ದಾರಿಯನ್ನು ಸಹಕಾರ ಸಂಘವಲ್ಲದೆ ಮತ್ತಾರು ಹೊರಬೇಕು?

ನನ್ನ ಸಲಹೆ ಇಷ್ಟೇ. ಪ್ರತಿ ವರ್ಷ ಸಾಲದ ಅರ್ಜಿಗಳು ಶುರುವಾಗುವುದಕ್ಕೆ ಎರಡು ತಿಂಗಳು ಮುಂಚೆ ಸಂಘದ ಕಚೇರಿಯಲ್ಲಿ ಒಂದು ದಿನ ಇದಕ್ಕೆ ಮೀಸಲಾಗಲಿ. ಇಂಗ್ಲಿಷ್ ಬಲ್ಲ ಸದಸ್ಯರ ಮಕ್ಕಳು ಓದಿ ಅರ್ಥ ಹೇಳಲಿ, ದೂರಿನ ಅರ್ಜಿ ಬರೆದುಕೊಡಲಿ. ಆದರೆ ಓಟಿಪಿ ಸದಸ್ಯನ ಕೈಯಲ್ಲೇ ಇರಬೇಕು, ವರದಿಯ ಪ್ರತಿ ಸದಸ್ಯನ ಮನೆಗೇ ಹೋಗಬೇಕು. ಸಂಘದ ಕಪಾಟಿನಲ್ಲಿ ಒಂದು ಹಾಳೆಯೂ ಉಳಿಯಬಾರದು. ಒಬ್ಬರ ಸಾಲ ಇನ್ನೊಬ್ಬರ ಬಾಯಿಗೆ ಬಿದ್ದರೆ ಮರುವರ್ಷ ಯಾರೂ ಬರಲಾರರು.

ಈ ವಿಷಯವನ್ನು ಆಡಳಿತ ಮಂಡಳಿ ಮುಂದಿನ ಸಭೆಯಲ್ಲಿ ಕೈಗೆತ್ತಿಕೊಳ್ಳಬೇಕೆಂದು ಕೋರುತ್ತೇನೆ. ಸದಸ್ಯರಾದರೋ ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ಈ ವರ್ಷದ ವರದಿಯನ್ನು ಇನ್ನೂ ನೋಡದವರು ಬರುವ ವಾರವೇ ತರಿಸಿ ನೋಡಲಿ.